ಬಿಸಿಲು ಒಂದು ಕಡೆ, ಎರೆ ಮಣ್ಣಿನ ಧೂಳು ಇನ್ನೊಂದು ಕಡೆ: ಡೆಸ್ಕ್‌ಟಾಪ್ ಕ್ಯಾಬಿನೆಟ್ಟಿಗೆ ಯಾವ ಗಾಳಿಯ ವ್ಯವಸ್ಥೆ ಹೊಂದುತ್ತದೆ?

ಏಪ್ರಿಲ್ ಬಂತೆಂದರೆ ಹುಬ್ಬಳ್ಳಿಯ ಕಂಪ್ಯೂಟರ್ ದುರಸ್ತಿ ಅಂಗಡಿಗಳ ಮೇಜಿನ ಮೇಲೆ ಒಂದೇ ಬಗೆಯ ದೂರು ಹೊತ್ತ ಪೆಟ್ಟಿಗೆಗಳು ಸಾಲುಗಟ್ಟುತ್ತವೆ. ಬೆಳಿಗ್ಗೆ ಚೆನ್ನಾಗಿಯೇ ನಡೆಯುವ ಯಂತ್ರ ಮಧ್ಯಾಹ್ನ ಎರಡರ ಹೊತ್ತಿಗೆ ನಿಧಾನವಾಗುತ್ತದೆ, ಫ್ಯಾನು ಗಿರಣಿಯಂತೆ ಸದ್ದು ಮಾಡುತ್ತದೆ, ಕೊನೆಗೆ ತಾನಾಗಿಯೇ ಬಂದ್ ಆಗುತ್ತದೆ. ಇಂಥ ಯಂತ್ರ ತಂದವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: “ಇನ್ನೆರಡು ಫ್ಯಾನ್ ಹಾಕಿಸ್ರಿ ಸರ, ಎಲ್ಲಾ ಸರಿ ಆಗ್ತೈತಿ.” ಕೆಲವೊಮ್ಮೆ ಆ ಸಲಹೆ ಸರಿಯೇ ಆಗಿರುತ್ತದೆ. ಆದರೆ ಎಲ್ಲಿ, ಯಾವ ದಿಕ್ಕಿಗೆ ಎಂದು ಯೋಚಿಸದೆ ಹಾಕಿದ ಎರಡು ಹೊಸ ಫ್ಯಾನುಗಳು ಗಾಳಿಯ ಜೊತೆಗೆ ಧೂಳನ್ನೂ ಹೆಚ್ಚಾಗಿ ಒಳಗೆ ತಂದು, ಮುಂದಿನ ಬೇಸಿಗೆಯ ಹೊತ್ತಿಗೆ ಯಂತ್ರವನ್ನು ಮೊದಲಿನ ಸ್ಥಿತಿಗೇ ಮರಳಿಸುತ್ತವೆ. ಧಾರವಾಡವನ್ನು ಪ್ರೀತಿಯಿಂದಲೇ ‘ಧೂಳವಾಡ’ ಎಂದು ಗೇಲಿ ಮಾಡುವ ಊರಿನಲ್ಲಿ ತಂಪಿನ ವ್ಯವಸ್ಥೆಯನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಫ್ಯಾನು ಎಂಬುದಲ್ಲ, ಗಾಳಿ ಯಾವುದರ ಮೂಲಕ ಒಳಗೆ ಬರುತ್ತದೆ ಮತ್ತು ಅದನ್ನು ಸ್ವಚ್ಛ ಮಾಡಲು ನಮಗೆ ಎಷ್ಟು ನಿಮಿಷ ಬೇಕು ಎಂಬುದು ನನ್ನ ಅಭಿಪ್ರಾಯ.

ಮಾತಿನ ಸ್ಪಷ್ಟತೆಗಾಗಿ ಒಂದು ಸಂಗತಿ. ನಮ್ಮ ಭಾಗದಲ್ಲಿ ಇಡೀ ಪೆಟ್ಟಿಗೆಯನ್ನೇ ‘ಸಿಪಿಯು’ ಎನ್ನುವ ರೂಢಿಯಿದೆ. ಇಲ್ಲಿ ಪೆಟ್ಟಿಗೆಯನ್ನು ಕ್ಯಾಬಿನೆಟ್ ಎಂದೂ, ಒಳಗಿನ ಚಿಪ್ಪನ್ನು ಪ್ರೊಸೆಸರ್ ಎಂದೂ, ವಿದ್ಯುತ್ ಪೂರೈಸುವ ಡಬ್ಬಿಯನ್ನು ಎಸ್‌ಎಂಪಿಎಸ್ ಎಂದೂ ಕರೆದಿದ್ದೇನೆ.

ಮೊದಲು ಲೆಕ್ಕ, ಆಮೇಲೆ ಖರ್ಚು

ಯಾವ ಫ್ಯಾನೂ ಕ್ಯಾಬಿನೆಟ್ಟನ್ನು ಕೋಣೆಗಿಂತ ತಂಪು ಮಾಡಲಾರದು. ಫ್ಯಾನು ಮಾಡುವುದಿಷ್ಟೆ: ಒಳಗೆ ಬಿಸಿಯಾದ ಗಾಳಿಯನ್ನು ಹೊರಗೆ ಹಾಕಿ ಕೋಣೆಯ ಗಾಳಿಯನ್ನು ಒಳಗೆ ತರುತ್ತದೆ. ಆದ್ದರಿಂದ ಪರದೆಯ ಮೇಲೆ ಕಾಣುವ ಡಿಗ್ರಿಯನ್ನು ಹಾಗೆಯೇ ಓದದೆ, ಅದರಿಂದ ಕೋಣೆಯ ಉಷ್ಣತೆಯನ್ನು ಕಳೆದು ಓದಬೇಕು. ಕೋಣೆ 22 ಡಿಗ್ರಿ ಇರುವ ಡಿಸೆಂಬರಿನ ಬೆಳಿಗ್ಗೆ ಪ್ರೊಸೆಸರ್ 68 ಡಿಗ್ರಿ ತೋರಿಸಿದರೆ, ಅದೇ ಕೆಲಸ ಮಾಡುವಾಗ ಕೋಣೆ 37 ಡಿಗ್ರಿ ಇರುವ ಏಪ್ರಿಲ್ ಮಧ್ಯಾಹ್ನ ಅದು 83ರ ಆಸುಪಾಸಿಗೆ ಬರುತ್ತದೆ. ಯಂತ್ರ ಕೆಟ್ಟಿಲ್ಲ, ಕೋಣೆ ಕಾದಿದೆ. ಇಂಟೆಲ್ ಐ5-12400 ಪ್ರೊಸೆಸರಿನ ಗರಿಷ್ಠ ಮಿತಿ 100 ಡಿಗ್ರಿ, ಎಎಂಡಿ ರೈಜನ್ 5 5600ರದು 90 ಡಿಗ್ರಿ, ರೈಜನ್ 5 7600ರದು 95 ಡಿಗ್ರಿ. ಈ ಮಿತಿ ತಲುಪಿದ ಕೂಡಲೇ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮಧ್ಯಾಹ್ನದ ನಿಧಾನಗತಿಗೆ ಇದೇ ಕಾರಣ.

ಇನ್ನು ಗಾಳಿಯ ಪ್ರಮಾಣ. ಫ್ಯಾನಿನ ಡಬ್ಬಿಯ ಮೇಲೆ ಬರೆದಿರುವ ಸಿಎಫ್‌ಎಂ ಎಂಬುದು ಅದು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿಯನ್ನು ಸಾಗಿಸುತ್ತದೆ ಎಂಬ ಅಳತೆ. ಐ5-12400 ಪ್ರೊಸೆಸರ್ ಪೂರ್ಣ ಭಾರದಲ್ಲಿ 117 ವಾಟ್ ವರೆಗೆ ಹೋಗಬಲ್ಲದು, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ 170 ವಾಟ್ ತಿನ್ನುತ್ತದೆ. ಉಳಿದದ್ದನ್ನೂ ಸೇರಿಸಿ 300 ವಾಟ್ ಎಂದಿಟ್ಟುಕೊಳ್ಳೋಣ. ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿರುವ ನಮ್ಮ ಊರುಗಳ ತುಸು ತೆಳುವಾದ ಗಾಳಿಯನ್ನು ಗಣನೆಗೆ ತೆಗೆದುಕೊಂಡರೆ, ನಿಜವಾಗಿ 50 ಸಿಎಫ್‌ಎಂ ಗಾಳಿ ಹರಿಯುವ ಕ್ಯಾಬಿನೆಟ್ಟಿನಿಂದ ಹೊರಬೀಳುವ ಗಾಳಿ ಕೋಣೆಗಿಂತ ಸುಮಾರು 12 ಡಿಗ್ರಿ ಬಿಸಿಯಾಗಿರುತ್ತದೆ. ಹರಿವನ್ನು 100ಕ್ಕೆ ಏರಿಸಿದರೆ ಅದು 6 ಡಿಗ್ರಿಗೆ ಇಳಿಯುತ್ತದೆ, 200ಕ್ಕೆ ಏರಿಸಿದರೆ 3 ಡಿಗ್ರಿಗೆ. ಅಂದರೆ ಮೊದಲ ಎರಡು ಫ್ಯಾನು ಕೊಟ್ಟ ಲಾಭವನ್ನು ಐದನೆಯ, ಆರನೆಯ ಫ್ಯಾನುಗಳು ಕೊಡುವುದಿಲ್ಲ. ಬಣ್ಣದ ದೀಪಗಳ ಆರು ಫ್ಯಾನು ತುಂಬಿದ ಕ್ಯಾಬಿನೆಟ್ ಕೊಳ್ಳುವ ಮುನ್ನ ಈ ಲೆಕ್ಕವನ್ನು ಒಮ್ಮೆ ನೆನೆಯಬೇಕು. ಅದೇ ಟ್ಯಾಲಿ, ಬರಹ, ಬ್ರೌಸರ್ ಇಷ್ಟಕ್ಕೇ ಬಳಕೆಯಾಗುವ, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಚೇರಿಯ ಯಂತ್ರ 75 ವಾಟ್ ಬಳಸುತ್ತಿದ್ದರೆ, ಕೇವಲ 30 ಸಿಎಫ್‌ಎಂ ಹರಿವಿನಲ್ಲಿಯೇ ಏರಿಕೆ 5 ಡಿಗ್ರಿಯಷ್ಟಾಗುತ್ತದೆ. ಅಂಥ ಯಂತ್ರಕ್ಕೆ ಹಿಂದಿನ ಒಂದು ಒಳ್ಳೆಯ ಫ್ಯಾನೇ ಸಾಕು.

ಸ್ವಚ್ಛತೆಯೋ, ಹೊಸ ಫ್ಯಾನೋ?

ಈ ಎರಡರಲ್ಲಿ ಆಯ್ಕೆಯೇ ಇಲ್ಲ. ಮೊದಲನೆಯದನ್ನು ಮಾಡದೆ ಎರಡನೆಯದಕ್ಕೆ ಹೋಗಬಾರದು. ಗದಗಿನ ಒಂದು ಮುದ್ರಣಾಲಯದಲ್ಲಿ ಅಕ್ಷರ ಜೋಡಣೆಗೆ ಬಳಸುವ ಯಂತ್ರವೊಂದನ್ನು ನಾನು ಬಿಚ್ಚಿದಾಗ, ಪ್ರೊಸೆಸರಿನ ಹೀಟ್‌ಸಿಂಕಿನ (ಅದರ ಶಾಖವನ್ನು ಹೀರಿ ಗಾಳಿಗೆ ಬಿಡುವ ಲೋಹದ ಭಾಗದ) ರೆಕ್ಕೆಗಳ ನಡುವೆ ಕಾಗದದ ಪುಡಿ, ಮಣ್ಣು ಎರಡೂ ಬೆರೆತು ಕಂಬಳಿಯ ತುಂಡಿನಂತೆ ಒಂದೇ ಪದರವಾಗಿ ಎದ್ದು ಬಂದಿತ್ತು. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಆ ಪದರವನ್ನು ತೆಗೆದು, ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬದಲಿಸಿದ ಮೇಲೆ ಬೇರೇನನ್ನೂ ಕೊಳ್ಳಬೇಕಾಗಲಿಲ್ಲ.

ಸ್ವಚ್ಛ ಮಾಡುವ ಸಾಧನಗಳಲ್ಲಿಯೂ ಹೋಲಿಕೆ ಬೇಕು. ವಿದ್ಯುತ್ತಿನಿಂದ ನಡೆಯುವ ಕೈ ಬ್ಲೋವರ್ ನಮ್ಮ ಕೆಲಸಕ್ಕೆ ಎಲ್ಲಕ್ಕಿಂತ ಉತ್ತಮ. ಒಂದು ಸಲ ಕೊಂಡರೆ ಓಣಿಯ ನಾಲ್ಕು ಮನೆಗೆ ಆಗುತ್ತದೆ. ಬಣ್ಣ ಬಳಿಯುವ ಮೆತ್ತನೆಯ ಕುಂಚ ಮೂಲೆಗಳಿಗೆ ಬೇಕು. ಪಂಕ್ಚರ್ ಅಂಗಡಿಗೆ ಹೊತ್ತೊಯ್ದು ಕಂಪ್ರೆಸರಿನಿಂದ ಗಾಳಿ ಹೊಡೆಸುವುದು ಅಗ್ಗವಾಗಿ ಕಂಡರೂ ಆ ಗಾಳಿಯಲ್ಲಿ ನೀರಿನ ಹನಿ, ಎಣ್ಣೆಯ ತುಂತುರು ಇರುವ ಸಂಭವ ಹೆಚ್ಚು, ಒತ್ತಡವೂ ಅತಿಯಾಗಿರುತ್ತದೆ. ಯಾವ ಸಾಧನ ಬಳಸಿದರೂ ವೈರ್ ಕಿತ್ತು, ಪೆಟ್ಟಿಗೆಯನ್ನು ಅಂಗಳಕ್ಕೆ ತಂದು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದುಕೊಂಡೇ ಗಾಳಿ ಬಿಡಬೇಕು. ಬ್ಲೋವರಿನ ಹೊಡೆತಕ್ಕೆ ಮಿತಿಮೀರಿ ತಿರುಗಿದ ಫ್ಯಾನಿನ ಬೇರಿಂಗ್ ಹಾಳಾಗುತ್ತದೆ. ಮೇ ತಿಂಗಳ ಕೊನೆಯಲ್ಲಿ, ಮಳೆಗೆ ಮುನ್ನ, ಒಂದು ಸಲ ಈ ಕೆಲಸ ಕಡ್ಡಾಯವಾಗಿ ಆಗಬೇಕು. ಬೇಸಿಗೆಯೆಲ್ಲ ಸೇರಿಕೊಂಡ ಒಣ ಧೂಳು ಊದಿದರೆ ಹಾರುತ್ತದೆ, ಜೂನ್ ಆರ್ದ್ರತೆಯನ್ನು ಹೀರಿಕೊಂಡ ಧೂಳು ಕುಂಚಕ್ಕೂ ಬಗ್ಗುವುದಿಲ್ಲ.

ಇದರ ಜೊತೆಗೇ ಜಾಗದ ಮಾತು. ಕಂಪ್ಯೂಟರ್ ಟೇಬಲ್ಲಿನ ಕೆಳಗೆ ಪ್ಲೈವುಡ್ಡಿನ ಗೂಡೊಂದಿದ್ದು ಅದರ ಹಿಂಬದಿಯೂ ಮುಚ್ಚಿದ್ದರೆ, ಹಿಂದಿನಿಂದ ಹೊರಬಂದ ಬಿಸಿಗಾಳಿ ಸುತ್ತಿಕೊಂಡು ಮತ್ತೆ ಮುಂದಿನಿಂದ ಒಳಗೆ ಹೋಗುತ್ತದೆ. ಹಿಂಬದಿಯ ಹಲಗೆಯನ್ನು ಬಿಚ್ಚಿಸಿ, ಗೋಡೆಯಿಂದ ಒಂದು ಗೇಣಿನಷ್ಟಾದರೂ ದೂರ ಇಡುವುದಕ್ಕೆ ಹಣ ಬೇಕಾಗಿಲ್ಲ. ನೆಲದ ಮೇಲೆ ಇಡುವುದಂತೂ ಬೇಡವೇ ಬೇಡ: ದಿನವೂ ಕಸಬರಿಗೆ ಎಬ್ಬಿಸುವ ಧೂಳೆಲ್ಲ ಮುಂದಿನ ಜಾಲರಿಯ ಎತ್ತರದಲ್ಲಿಯೇ ಹಾರುತ್ತದೆ. ಒಂದೂವರೆ ಅಡಿಯ ಸ್ಟೂಲು ಈ ಮಟ್ಟಿಗೆ ಒಂದು ಫಿಲ್ಟರಿನ ಕೆಲಸ ಮಾಡುತ್ತದೆ.

ಬದಿಯ ಬಾಗಿಲು ತೆಗೆದಿಡುವುದು

ನಮ್ಮಲ್ಲಿ ಅತಿ ಹೆಚ್ಚು ಪ್ರಚಾರದಲ್ಲಿರುವ ಉಪಾಯವೆಂದರೆ ಇದೇ. ಬದಿಯ ತಗಡನ್ನು ತೆಗೆದು, ಎದುರಿಗೆ ಟೇಬಲ್ ಫ್ಯಾನ್ ಹಚ್ಚುವುದು. ಉಷ್ಣತೆ ಇಳಿಯುವುದು ನಿಜ, ಅದನ್ನು ಅಲ್ಲಗಳೆಯಲಾಗದು. ಮುಂಭಾಗ ಮುಚ್ಚಿರುವ ಕೆಟ್ಟ ಕ್ಯಾಬಿನೆಟ್ಟಿನಲ್ಲಿ ಆ ಇಳಿಕೆ ಎದ್ದು ಕಾಣುವಷ್ಟಿರುತ್ತದೆ. ಹೀಗಾಗಿ ಇದು ಒಳ್ಳೆಯ ಪರೀಕ್ಷೆ, ಕೆಟ್ಟ ಪರಿಹಾರ. ತಗಡು ತೆಗೆದ ಕೂಡಲೇ 8–10 ಡಿಗ್ರಿ ಇಳಿದರೆ ಕ್ಯಾಬಿನೆಟ್ಟಿಗೆ ಉಸಿರು ಕಟ್ಟಿದೆ ಎಂದು ತಿಳಿಯಬೇಕು, ಕೆಳಗೆ ಹೇಳಲಿರುವ ಜಾಲರಿ ಮತ್ತು ಫ್ಯಾನುಗಳಿಗೆ ಹಣ ಹಾಕಬಹುದು. ಒಂದೆರಡು ಡಿಗ್ರಿ ಮಾತ್ರ ಇಳಿದರೆ ತೊಂದರೆ ಕ್ಯಾಬಿನೆಟ್ಟಿನಲ್ಲಿಲ್ಲ, ಪ್ರೊಸೆಸರಿನ ಕೂಲರಿನಲ್ಲಿಯೋ ಒಣಗಿದ ಪೇಸ್ಟಿನಲ್ಲಿಯೋ ಇದೆ. ಈ ಐದು ನಿಮಿಷದ ಪರೀಕ್ಷೆ ಮಾಡದೆ ಫ್ಯಾನು ಕೊಂಡು ಪಶ್ಚಾತ್ತಾಪ ಪಟ್ಟವರಲ್ಲಿ ನಾನೂ ಒಬ್ಬ. ಪರೀಕ್ಷೆ ಮುಗಿದ ಮೇಲೆ ತಗಡನ್ನು ಮರಳಿ ಹಾಕಬೇಕು. ತೆರೆದಿಟ್ಟರೆ ಧೂಳು ಮಾತ್ರವಲ್ಲ, ಬೆಚ್ಚಗಿನ ಜಾಗ ಹುಡುಕುವ ಹಲ್ಲಿಯೂ ಒಳಗೆ ಸೇರುತ್ತದೆ.

ಗಾಜಿನ ಮುಖವೋ, ಜಾಲರಿಯ ಮುಖವೋ?

ಹೊಸ ಕ್ಯಾಬಿನೆಟ್ ಕೊಳ್ಳುವವರ ಮುಂದೆ ಇರುವ ನಿಜವಾದ ಆಯ್ಕೆ ಇದು. ಮುಂಭಾಗದಲ್ಲಿ ಗಟ್ಟಿ ಗಾಜು ಇರುವ ಕ್ಯಾಬಿನೆಟ್ ನೋಡಲು ಅಂದ. ಆದರೆ ಅದರ ಮುಂದಿನ ಫ್ಯಾನುಗಳು ಗಾಜಿನ ಅಂಚಿನಲ್ಲಿರುವ ಬೆರಳಗಲದ ಸಂದಿಯಿಂದಲೇ ಗಾಳಿಯನ್ನು ಎಳೆದುಕೊಳ್ಳಬೇಕು. ಜಾಲರಿಯ ಮುಖದ ಕ್ಯಾಬಿನೆಟ್ಟಿನಲ್ಲಿ ಫ್ಯಾನಿನ ಇಡೀ ವಿಸ್ತಾರಕ್ಕೆ ಗಾಳಿ ನೇರವಾಗಿ ಸಿಗುತ್ತದೆ, ಆದ್ದರಿಂದ ಅದೇ ಗಾಳಿಯನ್ನು ಕಡಿಮೆ ವೇಗದಲ್ಲಿ, ಕಡಿಮೆ ಸದ್ದಿನಲ್ಲಿ ಒಳಗೆ ತರಬಹುದು.

ಜಾಲರಿಯಿದ್ದರೆ ಧೂಳು ಹೆಚ್ಚು ಬರುತ್ತದೆ ಎಂಬ ವಾದವನ್ನು ಹಲವರು ಮುಂದಿಡುತ್ತಾರೆ. ಅದು ಅರ್ಧ ಸತ್ಯ. ಧೂಳು ಬರುವುದು ಗಾಳಿಯ ಜೊತೆಗೆ. ಗಾಜಿನ ಸಂದಿಯಿಂದ ಬಂದರೂ ಬರುತ್ತದೆ, ಜಾಲರಿಯಿಂದ ಬಂದರೂ ಬರುತ್ತದೆ. ವ್ಯತ್ಯಾಸವಿರುವುದು ಅದನ್ನು ತೆಗೆಯುವಲ್ಲಿ. ಮುಂದಿನ ಫಲಕವನ್ನು ಕೈಯಿಂದ ಎಳೆದು ಬಿಚ್ಚಿ, ಹಿಂದಿರುವ ನೈಲಾನ್ ಫಿಲ್ಟರನ್ನು ನಲ್ಲಿಯ ಕೆಳಗೆ ತೊಳೆದು, ನೆರಳಿನಲ್ಲಿ ಒಣಗಿಸಿ ಮರಳಿ ಹಾಕುವಂತಿದ್ದರೆ ಆ ಕ್ಯಾಬಿನೆಟ್ ನಮ್ಮ ಊರಿಗೆ ಹೊಂದುತ್ತದೆ. ಫಿಲ್ಟರ್ ತೆಗೆಯಲು ಎಂಟು ಸ್ಕ್ರೂ ಬಿಚ್ಚಬೇಕಾದರೆ ಅದನ್ನು ಯಾರೂ ಬಿಚ್ಚುವುದಿಲ್ಲ. ಅಂಗಡಿಯಲ್ಲಿ ನಿಂತಾಗಲೇ ಮುಂದಿನ ಫಲಕ, ಮೇಲಿನ ಫಿಲ್ಟರ್, ಎಸ್‌ಎಂಪಿಎಸ್ ಕೆಳಗಿನ ಫಿಲ್ಟರ್ ಈ ಮೂರನ್ನೂ ಒಮ್ಮೆ ನಿಮ್ಮ ಕೈಯಿಂದಲೇ ತೆಗೆದು ಹಾಕಿ ನೋಡಿ, ಸಂಕೋಚ ಬೇಡ. ಎಸ್‌ಎಂಪಿಎಸ್ ಕೆಳಗಿನ ಫಿಲ್ಟರನ್ನು ಹಿಂದಿನಿಂದ ಎಳೆಯುವ ಬದಲು ಮುಂದಿನಿಂದ ಎಳೆಯುವಂತಿದ್ದರೆ ಅದಕ್ಕೆ ನಾನು ಐನೂರು ರೂಪಾಯಿ ಹೆಚ್ಚು ಕೊಡಲು ಸಿದ್ಧ.

ಹಳೆಯ ತಗಡಿನ ಕ್ಯಾಬಿನೆಟ್ಟುಗಳ ಬಗ್ಗೆ ಒಂದು ಮಾತು. 2003ರ ನಂತರದ ವರ್ಷಗಳಲ್ಲಿ ಬಂದ ಹಲವು ಪೆಟ್ಟಿಗೆಗಳ ಬದಿಯ ತಗಡಿನಲ್ಲಿ, ಪ್ರೊಸೆಸರಿಗೆ ನೇರವಾಗಿ, ಒಂದು ಪ್ಲಾಸ್ಟಿಕ್ ಕೊಳವೆ ಇರುತ್ತಿದ್ದುದನ್ನು ನೀವು ನೋಡಿರಬಹುದು. ಹೊರಗೆ 35 ಡಿಗ್ರಿ ಇದ್ದಾಗ ಪ್ರೊಸೆಸರಿನ ಫ್ಯಾನಿಗೆ ಸಿಗುವ ಗಾಳಿ 38 ಡಿಗ್ರಿ ಮೀರಬಾರದು ಎಂದು ಇಂಟೆಲ್ ರೂಪಿಸಿದ ಮಾರ್ಗಸೂಚಿಯ ಫಲ ಅದು. ನಮ್ಮ ಏಪ್ರಿಲ್ ಮಧ್ಯಾಹ್ನಗಳಲ್ಲಿ ಕೋಣೆಯೇ 35 ದಾಟಿರುತ್ತದೆ ಎಂಬುದು ಬೇರೆ ವಿಷಯ. ಅಂಥ ಪೆಟ್ಟಿಗೆ ಇನ್ನೂ ಗಟ್ಟಿಯಾಗಿದ್ದು ಒಳಗಿನ ಯಂತ್ರ ಕಚೇರಿ ಕೆಲಸದ್ದಾಗಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಕೊಳವೆಯ ಬಾಯಿಗೆ ಒಂದು ಫಿಲ್ಟರ್ ಅಂಟಿಸಿ ಮುಂದುವರಿಸಬಹುದು.

ಒಳಗೆ ತಳ್ಳುವುದು ಹೆಚ್ಚಿರಲಿ, ಹೊರಗೆ ಹಾಕುವುದು ಕಡಿಮೆಯಿರಲಿ

ಹಳೆಯ ಮಾಳಿಗೆ ಮನೆಗಳಲ್ಲಿ ಗಾಳಿ ಬಾಗಿಲಿನಿಂದ ಬಂದು ಅಡುಗೆಮನೆಯ ಹೊಗೆಯನ್ನು ಹೊತ್ತುಕೊಂಡು ಬೆಳಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಕ್ಯಾಬಿನೆಟ್ಟಿನ ಕ್ರಮವೂ ಹಾಗೆಯೇ: ಮುಂದಿನಿಂದ, ಕೆಳಗಿನಿಂದ ಒಳಗೆ; ಹಿಂದಿನಿಂದ, ಮೇಲಿನಿಂದ ಹೊರಗೆ. ಬಿಸಿಗಾಳಿ ತಾನಾಗಿ ಮೇಲೇರುವ ಬಲ ಇಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಫ್ಯಾನಿನ ಬಲದ ಮುಂದೆ ಏನೂ ಅಲ್ಲವಾದರೂ, ಆ ದಿಕ್ಕಿಗೆ ವಿರುದ್ಧವಾಗಿ ಹೋಗುವುದರಿಂದ ಪ್ರಯೋಜನವೂ ಇಲ್ಲ. 1995ರಲ್ಲಿ ಇಂಟೆಲ್ ಕ್ಯಾಬಿನೆಟ್ಟು ಮತ್ತು ಅದರೊಳಗಿನ ಭಾಗಗಳ ಜೋಡಣೆಗೆ ಎಟಿಎಕ್ಸ್ ಎಂಬ ಮಾದರಿಯನ್ನು ತಂದಾಗ ಎಸ್‌ಎಂಪಿಎಸ್ ಫ್ಯಾನು ಹೊರಗಿನ ಗಾಳಿಯನ್ನು ಒಳಗೆ ಊದಿ ಪ್ರೊಸೆಸರನ್ನು ತಂಪು ಮಾಡಲೆಂಬ ಆಲೋಚನೆಯಿತ್ತು. ಎಸ್‌ಎಂಪಿಎಸ್ಸಿನಲ್ಲಿ ಕಾದ ಗಾಳಿಯೇ ಪ್ರೊಸೆಸರಿನ ಮೇಲೆ ಬೀಳುತ್ತಿದ್ದುದರಿಂದ ಮುಂದೆ ಹೊರಗೆ ಊದುವ ಕ್ರಮವೇ ನೆಲೆಯೂರಿತು.

ಒಳಗೆ ತರುವ ಗಾಳಿ ಹೊರಗೆ ಹಾಕುವುದಕ್ಕಿಂತ ಹೆಚ್ಚಾಗಿದ್ದರೆ ಪೆಟ್ಟಿಗೆಯೊಳಗೆ ತುಸು ಹೆಚ್ಚಿನ ಒತ್ತಡವಿರುತ್ತದೆ, ಎಲ್ಲ ಸಂದಿಗಳಿಂದ ಗಾಳಿ ಹೊರಕ್ಕೆ ಸೋರುತ್ತದೆ. ಹೊರಗೆ ಹಾಕುವುದು ಹೆಚ್ಚಾದರೆ ಒಳಗೆ ಒತ್ತಡ ಕಡಿಮೆಯಾಗಿ, ಹಿಂಬದಿಯಲ್ಲಿ ಕಾರ್ಡ್ ಕೂರಿಸುವ ಫಿಲ್ಟರಿಲ್ಲದ ಸ್ಲಾಟು, ಯುಎಸ್‌ಬಿ ತೂತು, ತಗಡಿನ ಜೋಡಣೆ ಎಲ್ಲ ಕಡೆಯಿಂದಲೂ ಗಾಳಿಯೊಡನೆ ಧೂಳು ನುಗ್ಗುತ್ತದೆ. ಉಷ್ಣತೆಯ ಮಟ್ಟಿಗೆ ಎರಡಕ್ಕೂ ದೊಡ್ಡ ಅಂತರವಿಲ್ಲ. ಗ್ರಾಫಿಕ್ಸ್ ಕಾರ್ಡ್ ಕಾಯುವ ಯಂತ್ರಗಳಲ್ಲಿ ಕೆಲವೊಮ್ಮೆ ಎರಡನೆಯದೇ ಒಂದೆರಡು ಡಿಗ್ರಿ ಮುಂದಿರಬಹುದು. ಆದರೆ ನವಲಗುಂದದ ಎರೆ ಹೊಲಗಳಿಂದ ಗಾಳಿ ಬೀಸುವ ಊರಿನಲ್ಲಿ, ರಸ್ತೆ ಅಗೆತ ಎಂದೂ ಮುಗಿಯದ ಬಡಾವಣೆಯಲ್ಲಿ, ಆ ಎರಡು ಡಿಗ್ರಿಗಾಗಿ ಇಡೀ ವರ್ಷದ ಧೂಳನ್ನು ಆಹ್ವಾನಿಸುವುದು ಲಾಭದ ವ್ಯಾಪಾರವಲ್ಲ. ಆದ್ದರಿಂದ ಮುಂದೆ ಎರಡು, ಹಿಂದೆ ಒಂದು ಎಂಬ ಮೂರು ಫ್ಯಾನಿನ ಜೋಡಣೆಯನ್ನೇ ನಾನು ಹೆಚ್ಚಿನವರಿಗೆ ಹೇಳುತ್ತೇನೆ. ಇಲ್ಲೊಂದು ಎಚ್ಚರ ಬೇಕು: ಫಿಲ್ಟರ್ ತುಂಬಿದಂತೆ ಮುಂದಿನ ಫ್ಯಾನುಗಳ ಹರಿವು ಕುಗ್ಗುತ್ತದೆ, ಹಿಂದಿನ ಫ್ಯಾನಿನದು ಕುಗ್ಗುವುದಿಲ್ಲ, ತೊಳೆಯದೆ ಬಿಟ್ಟ ಯಂತ್ರದಲ್ಲಿ ಒತ್ತಡದ ಲೆಕ್ಕ ಸದ್ದಿಲ್ಲದೆ ತಿರುವುಮುರುವಾಗುತ್ತದೆ.

ಮೇಲ್ಭಾಗದಲ್ಲಿ ಫ್ಯಾನು ಹಾಕುವ ಜಾಗವಿದೆಯೆಂದು ಅಲ್ಲಿಯೂ ಹಾಕುವವರಿದ್ದಾರೆ. ಹಾಕುವುದಾದರೆ ಹಿಂಬದಿಗೆ ಹತ್ತಿರ ಇರುವಂತೆ, ಹೊರಗೆ ಊದುವಂತೆ ಹಾಕಬೇಕು. ಮುಂಬದಿಗೆ ಹತ್ತಿರ ಹಾಕಿದರೆ ಮುಂದಿನಿಂದ ಬಂದ ತಂಪುಗಾಳಿ ಪ್ರೊಸೆಸರನ್ನು ತಲುಪುವ ಮೊದಲೇ ಮೇಲಕ್ಕೆ ಹೋಗಿಬಿಡುತ್ತದೆ. ಬಳಸದ ಮೇಲಿನ ತೂತುಗಳನ್ನು ಮುಚ್ಚುವುದು ಒಳ್ಳೆಯದು.

ಫಿಲ್ಟರಿನ ವಿಷಯಕ್ಕೆ ಬಂದರೆ, ಊರು ಊರಿಗೆ ಧೂಳಿನ ಜಾತಿ ಬೇರೆ. ಹತ್ತಿ ಜಿನ್ನಿಂಗ್ ಗಿರಣಿಗಳ ಸುತ್ತಮುತ್ತ ಹಾರುವ ಅರಳೆಯ ಎಳೆಗಳು ಯಾವ ಜಾಲರಿಗಾದರೂ ಸಿಕ್ಕಿಬೀಳುತ್ತವೆ, ಆದರೆ ವಾರದೊಳಗೆ ಅದನ್ನು ಮುಚ್ಚಿಯೂ ಬಿಡುತ್ತವೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯಲ್ಲಿರುವ ಯಂತ್ರಕ್ಕೆ ಸೀನು ಬರುವುದಿಲ್ಲವಾದರೂ, ಅಲ್ಲಿನ ಸಣ್ಣ ಪುಡಿ ಸೊಳ್ಳೆ ಪರದೆಯ ತೂತುಗಳಿಂದ ಸರಾಗವಾಗಿ ಒಳಗೆ ಹೋಗುತ್ತದೆ. ಎರೆ ಮಣ್ಣಿನ ಧೂಳೂ ಅಷ್ಟೇ ಸಣ್ಣದು. ಆದ್ದರಿಂದ ಸೊಳ್ಳೆ ಪರದೆ ಕತ್ತರಿಸಿ ಅಂಟಿಸುವುದು ಅರಳೆಗೆ, ಹುಳಗಳಿಗೆ ಸಾಕು, ಮಣ್ಣಿಗೆ ಸಾಲದು. ಮಲ್ಮಲ್ ಬಟ್ಟೆ ಕಟ್ಟಿದರೆ ಮಣ್ಣೂ ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ. ಆಯಸ್ಕಾಂತದ ಅಂಚಿನಿಂದ ಅಂಟಿಕೊಳ್ಳುವ ಸಣ್ಣ ಕಣ್ಣಿನ ಜಾಲರಿಗಳು 120 ಮತ್ತು 140 ಮಿಲಿಮೀಟರ್ ಅಳತೆಯಲ್ಲಿ ಸಿಗುತ್ತವೆ. ಕಬ್ಬಿಣದ ತಗಡಿನ ಕ್ಯಾಬಿನೆಟ್ಟಿಗೆ ಅವೇ ಅನುಕೂಲ, ಎಳೆದರೆ ಬರುತ್ತವೆ, ಒತ್ತಿದರೆ ಕೂರುತ್ತವೆ. ಅತಿ ಸಣ್ಣ ಪುಡಿಯನ್ನು ಅವೂ ಪೂರ್ತಿ ತಡೆಯಲಾರವು. ಬ್ಲೋವರನ್ನು ಮಾರಿಬಿಡಬೇಡಿ.

ಫ್ಯಾನು ಕೊಳ್ಳುವಾಗ

120 ಮಿಲಿಮೀಟರಿನ ಫ್ಯಾನಿಗಿಂತ 140ರದು ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ವಿಸ್ತಾರವುಳ್ಳದ್ದು, ಆದ್ದರಿಂದ ಅಷ್ಟೇ ಗಾಳಿಯನ್ನು ನಿಧಾನವಾಗಿ ತಿರುಗಿ ಸಾಗಿಸುತ್ತದೆ. ಕ್ಯಾಬಿನೆಟ್ಟಿನಲ್ಲಿ ಜಾಗವಿದ್ದರೆ ದೊಡ್ಡದನ್ನೇ ಆರಿಸಬಹುದು. ಆದರೆ ಹುಬ್ಬಳ್ಳಿಯ ಅಂಗಡಿಗಳಲ್ಲಿ 120ರದು ಕೇಳಿದ ಕೂಡಲೇ ಕೈಗೆ ಬರುವಷ್ಟು ಸುಲಭವಾಗಿ 140ರದು ಬರುವುದಿಲ್ಲ, ತರಿಸಬೇಕಾಗುತ್ತದೆ. ಕೆಟ್ಟಾಗ ಬದಲಿಸುವ ಅನುಕೂಲಕ್ಕಾಗಿ ನಾನು 120ರಲ್ಲಿಯೇ ನಿಂತಿದ್ದೇನೆ.

ಡಬ್ಬಿಯ ಮೇಲಿನ ಸಿಎಫ್‌ಎಂ ಒಂದನ್ನೇ ನೋಡಿ ಕೊಳ್ಳುವುದು ಸಾಮಾನ್ಯ ತಪ್ಪು. ಆ ಅಂಕಿ ಎದುರಿಗೆ ಯಾವ ಅಡ್ಡಿಯೂ ಇಲ್ಲದಿರುವಾಗಿನದು. ಫಿಲ್ಟರ್, ಜಾಲರಿ, ಹೀಟ್‌ಸಿಂಕುಗಳ ಮೂಲಕ ಗಾಳಿಯನ್ನು ಎಳೆಯುವಾಗ ಫ್ಯಾನಿನ ಸ್ಥಿರ ಒತ್ತಡ, ಅಂದರೆ ಅಡ್ಡಿಯ ಎದುರು ಗಾಳಿಯನ್ನು ಸಾಗಿಸುವ ಬಲ, ಮುಖ್ಯವಾಗುತ್ತದೆ. ಅದನ್ನು ನೀರಿನ ಮಿಲಿಮೀಟರ್ ಲೆಕ್ಕದಲ್ಲಿ ಬರೆದಿರುತ್ತಾರೆ. ಉದಾಹರಣೆಗೆ ಆರ್ಕ್ಟಿಕ್ ಪಿ12 ಫ್ಯಾನಿಗೆ 1800 ಸುತ್ತಿನಲ್ಲಿ 56.3 ಸಿಎಫ್‌ಎಂ ಮತ್ತು 2.2 ಮಿಲಿಮೀಟರ್ ಎಂದು ತಯಾರಕರು ಹೇಳುತ್ತಾರೆ. ಧೂಳಿನ ಫಿಲ್ಟರ್ ಇಟ್ಟೇ ಬಳಸಬೇಕಾದ ನಮಗೆ ಮುಂಭಾಗಕ್ಕೆ 2 ಮಿಲಿಮೀಟರಿಗಿಂತ ಹೆಚ್ಚು ಒತ್ತಡದ ಫ್ಯಾನು ಬೇಕು, ಹಿಂಭಾಗಕ್ಕೆ ಸಾಧಾರಣದ್ದು ನಡೆಯುತ್ತದೆ.

ಸದ್ದಿನ ಲೆಕ್ಕ ಕುತೂಹಲಕರವಾಗಿದೆ. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಅಂಥದೇ ಎರಡನೆಯ ಫ್ಯಾನು ಜೊತೆಯಾದರೆ ಏರುವುದು 3 ಡೆಸಿಬೆಲ್ ಅಷ್ಟೇ. ಹೀಗಾಗಿ ಮುಂದೆ ಒಂದೇ ಫ್ಯಾನನ್ನು ಪೂರ್ಣ ವೇಗದಲ್ಲಿ ಓಡಿಸುವುದಕ್ಕಿಂತ ಎರಡನ್ನು ಅರ್ಧ ವೇಗದಲ್ಲಿ ಓಡಿಸುವುದು ಲೇಸು. ಈ ವೇಗ ನಿಯಂತ್ರಣ ಸಾಧ್ಯವಾಗಬೇಕಾದರೆ ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ಫ್ಯಾನು ಕೊಳ್ಳಬೇಕು. ಮೂರು ಪಿನ್ನಿನದನ್ನೂ ಹಲವು ಮದರ್‌ಬೋರ್ಡುಗಳು (ಒಳಗಿನ ಭಾಗಗಳೆಲ್ಲ ಕೂರುವ ಮುಖ್ಯ ಹಲಗೆಗಳು) ವೋಲ್ಟೇಜ್ ತಗ್ಗಿಸಿ ನಿಯಂತ್ರಿಸುತ್ತವೆ. ಎಸ್‌ಎಂಪಿಎಸ್ಸಿನ ದೊಡ್ಡ ಮೋಲೆಕ್ಸ್ ಪಿನ್ನಿಗೆ ನೇರವಾಗಿ ಚುಚ್ಚುವ ಅಗ್ಗದ ಫ್ಯಾನು ಹಗಲೂ ರಾತ್ರಿಯೂ ಒಂದೇ ವೇಗದಲ್ಲಿ ತಿರುಗುತ್ತದೆ, ಅನವಶ್ಯಕವಾಗಿ ಧೂಳನ್ನು ಎಳೆಯುತ್ತದೆ. ಬೇರಿಂಗಿನಲ್ಲಿ ಸಾದಾ ಸ್ಲೀವ್‌ಗಿಂತ ಫ್ಲೂಯಿಡ್ ಡೈನಾಮಿಕ್ ಅಥವಾ ಬಾಲ್ ಬೇರಿಂಗ್ ಬಿಸಿಯಲ್ಲಿ ಹೆಚ್ಚು ಬಾಳುತ್ತದೆ. ಕೂರಿಸುವಾಗ ದಿಕ್ಕು ತಪ್ಪಬಾರದು: ಮೋಟಾರನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಗಳು ಯಾವ ಬದಿಗಿವೆಯೋ ಆ ಬದಿಗೆ ಗಾಳಿ ಹೊರಡುತ್ತದೆ.

ಪ್ರೊಸೆಸರಿಗೆ: ಜೊತೆಗೆ ಬಂದ ಕೂಲರ್, ಗೋಪುರದ ಕೂಲರ್, ನೀರಿನ ಕೂಲರ್

65 ವಾಟ್ ವರ್ಗದ ಪ್ರೊಸೆಸರುಗಳ ಡಬ್ಬಿಯಲ್ಲಿಯೇ ಬರುವ ಕೂಲರು ಕಚೇರಿ ಕೆಲಸಕ್ಕೆ ಸಾಕು. ಇಂಟೆಲಿನದರಲ್ಲಿ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳನ್ನು ಒತ್ತಿ ಕೂರಿಸಬೇಕು. ಒಂದು ಪಿನ್ನು ಪೂರ್ತಿ ಕೂರದಿದ್ದರೂ ಕೂಲರ್ ಓರೆಯಾಗಿ ಪ್ರೊಸೆಸರ್ ಕ್ಷಣಮಾತ್ರದಲ್ಲಿ ಕಾಯುತ್ತದೆ. ಬೇಸಿಗೆಯಲ್ಲಿ ಸಾಗಿಸಿ ತಂದ ಯಂತ್ರ ಏಕಾಏಕಿ ಬಿಸಿಯಾದರೆ ನಾನು ಮೊದಲು ಒತ್ತಿ ನೋಡುವುದು ಈ ಪಿನ್ನುಗಳನ್ನೇ.

ವಿಡಿಯೊ ಸಂಕಲನ, ಆಟ, ಗಂಟೆಗಟ್ಟಲೆ ರೆಂಡರಿಂಗ್ ಮಾಡುವವರಿಗೆ ನಾಲ್ಕು ತಾಮ್ರದ ಕೊಳವೆ, ಒಂದು 120 ಮಿಲಿಮೀಟರ್ ಫ್ಯಾನು ಇರುವ ಗೋಪುರದಾಕಾರದ ಕೂಲರ್ ನನ್ನ ಆಯ್ಕೆ. ಡೀಪ್‌ಕೂಲ್ ಎಜಿ400, ಕೂಲರ್ ಮಾಸ್ಟರ್ ಹೈಪರ್ 212 ಈ ಜಾತಿಯವು. ಜೊತೆಗೆ ಬಂದ ಕೂಲರು ಬಿಸಿಗಾಳಿಯನ್ನು ಮದರ್‌ಬೋರ್ಡಿನ ಮೇಲೆ ಚೆಲ್ಲಿದರೆ, ಇದು ಅದನ್ನು ನೇರವಾಗಿ ಹಿಂದಿನ ಫ್ಯಾನಿನ ಬಾಯಿಗೆ ಕೊಡುತ್ತದೆ. ಕೊಳ್ಳುವ ಮುನ್ನ ಎರಡು ಅಳತೆ ನೋಡಬೇಕು. ಈ ಕೂಲರುಗಳ ಎತ್ತರ 150ರಿಂದ 160 ಮಿಲಿಮೀಟರ್ ಇರುವುದರಿಂದ ಕ್ಯಾಬಿನೆಟ್ಟಿನ ಅಗಲ ಸಾಲದಿದ್ದರೆ ಬದಿಯ ತಗಡು ಮುಚ್ಚುವುದಿಲ್ಲ. ಇಂಟೆಲಿನ 12ನೆಯ ಪೀಳಿಗೆಯಿಂದ ಮದರ್‌ಬೋರ್ಡಿನ ತೂತುಗಳ ಅಂತರ 75ರಿಂದ 78 ಮಿಲಿಮೀಟರಿಗೆ ಬದಲಾಗಿರುವುದರಿಂದ, ಹಳೆಯ ಕೂಲರನ್ನು ಹೊಸ ಬ್ರಾಕೆಟ್ ಇಲ್ಲದೆ ಹಾಕಲಾಗದು.

ನೀರಿನ ಕೂಲರಿನ ಬಗ್ಗೆ ನನಗೆ ಉತ್ಸಾಹ ಕಡಿಮೆ. ಪಂಪು ತಿರುಗಿಸುವ ನೀರಿನ ಶಾಖವನ್ನು ಗಾಳಿಗೆ ಬಿಡುವ 240 ಮಿಲಿಮೀಟರಿನ ರೇಡಿಯೇಟರ್ ಪ್ರಬಲವಾದ ಪ್ರೊಸೆಸರುಗಳನ್ನು ಚೆನ್ನಾಗಿ ನಿಭಾಯಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದೂ ಕೊನೆಗೆ ಶಾಖವನ್ನು ಬಿಡುವುದು ಕೋಣೆಯ ಗಾಳಿಗೇ, 37 ಡಿಗ್ರಿಯ ಗಾಳಿಗೇ. ಅದರ ಒತ್ತೊತ್ತಾದ ರೆಕ್ಕೆಗಳಲ್ಲಿ ಧೂಳು ಬೇಗ ಕಟ್ಟಿಕೊಳ್ಳುತ್ತದೆ, ತೆಗೆಯಲು ಫ್ಯಾನು ಬಿಚ್ಚಬೇಕು. ಪಂಪು ನಿಂತರೆ ಗೋಪುರದ ಕೂಲರಿನ ಫ್ಯಾನು ಬದಲಿಸಿದಂತೆ ಬದಲಿಸಲಾಗದು, ಇಡೀ ಘಟಕವೇ ಹೋಗುತ್ತದೆ. ಪಂಪು ರೇಡಿಯೇಟರಿಗಿಂತ ಎತ್ತರದಲ್ಲಿ ಇರದಂತೆ ಕೂರಿಸಬೇಕೆಂಬ ನಿಯಮವೂ ಇದೆ. ಇಲ್ಲವಾದರೆ ಒಳಗಿನ ಗಾಳಿಗುಳ್ಳೆ ಪಂಪಿನಲ್ಲಿ ಸೇರುತ್ತದೆ. ಗೋಪುರದ ಕೂಲರಿಗೆ ಜಾಗವಿಲ್ಲದ ಚಿಕ್ಕ ಕ್ಯಾಬಿನೆಟ್ ಅಥವಾ 200 ವಾಟ್ ದಾಟುವ ಪ್ರೊಸೆಸರ್ ಇದ್ದಾಗ ಮಾತ್ರ ನಾನು ಇದರ ಕಡೆಗೆ ನೋಡುತ್ತೇನೆ.

ಕೋಣೆಯ ತಂಪು

ಮಾರ್ಚ್, ಏಪ್ರಿಲ್ ತಿಂಗಳ ಒಣ ಗಾಳಿಯಲ್ಲಿ ನೀರಿನ ಏರ್ ಕೂಲರು ಕೋಣೆಯನ್ನು ಹಲವು ಡಿಗ್ರಿ ಇಳಿಸುತ್ತದೆ, ಆ ಇಳಿಕೆ ಹಾಗೆಯೇ ಪ್ರೊಸೆಸರಿಗೂ ಸಿಗುತ್ತದೆ. ಆದರೆ ಕೂಲರಿನ ಬಾಯನ್ನು ನೇರವಾಗಿ ಕ್ಯಾಬಿನೆಟ್ಟಿಗೆ ತಿರುಗಿಸಬಾರದು. ಕೊಳವೆಬಾವಿಯ ಗಡಸು ನೀರಿನ ತುಂತುರು ಒಣಗಿ ಬಿಳಿಯ ಉಪ್ಪಿನ ಪುಡಿಯಾಗಿ ಹೀಟ್‌ಸಿಂಕಿಗೆ ಅಂಟುತ್ತದೆ. ಕಿಟಕಿ ತೆರೆದಿದ್ದು, ಯಂತ್ರ ಕೋಣೆಯ ಇನ್ನೊಂದು ಮೂಲೆಯಲ್ಲಿದ್ದರೆ ಅಡ್ಡಿಯಿಲ್ಲ. ಮಳೆಗಾಲದಲ್ಲಿ ಈ ಕೂಲರಿನಿಂದ ತೇವವೇ ಹೊರತು ತಂಪಿಲ್ಲ.

ಹಾಗಾದರೆ ಯಾರಿಗೆ ಯಾವುದು? ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಓದುವ ವಿದ್ಯಾರ್ಥಿಯ ಸಾದಾ ಯಂತ್ರಕ್ಕೆ ಸ್ಟೂಲು, ಬ್ಲೋವರು, ಹೊಸ ಪೇಸ್ಟು ಇಷ್ಟೇ ಸಾಕು. ಮದುವೆ ವಿಡಿಯೊ ಸಂಕಲನ ಮಾಡುವ ಸ್ಟುಡಿಯೊಗಳು ಜಾಲರಿ ಮುಖದ ಕ್ಯಾಬಿನೆಟ್, ಮೂರು ಫ್ಯಾನು, ಗೋಪುರದ ಕೂಲರಿಗೆ ಹಣ ಹಾಕಿದರೆ ಅದು ಎರಡೇ ಬೇಸಿಗೆಯಲ್ಲಿ ಸಾರ್ಥಕವಾಗುತ್ತದೆ. ಗಿರಣಿ, ಮುದ್ರಣಾಲಯ, ದಲಾಲಿ ಅಂಗಡಿಗಳ ಯಂತ್ರಗಳಿಗೆ ಕಡಿಮೆ ವಾಟಿನ ಪ್ರೊಸೆಸರ್ ಆರಿಸಿ ಗಾಳಿಯ ಅವಶ್ಯಕತೆಯನ್ನೇ ತಗ್ಗಿಸುವುದು ಎಲ್ಲಕ್ಕಿಂತ ಜಾಣತನ.

ಏನೇ ಬದಲಾಯಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಮೊದಲೂ ಆಮೇಲೂ ಒಂದೇ ಕೆಲಸವನ್ನು ಇಪ್ಪತ್ತು ನಿಮಿಷ ಮಾಡಿಸಿ, ಎಚ್‌ಡಬ್ಲ್ಯುಇನ್‌ಫೋದಂಥ ತಂತ್ರಾಂಶದಲ್ಲಿ ಉಷ್ಣತೆಯನ್ನು ನೋಡಿ ಕೋಣೆಯ ಡಿಗ್ರಿಯನ್ನು ಕಳೆದು ಬರೆದಿಟ್ಟುಕೊಳ್ಳಬೇಕು. ಒತ್ತಡದ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಮನೆಯ ಫ್ಯಾನು ನಿಲ್ಲಿಸಿ, ಹೊತ್ತಿಸಿದ ಊದಬತ್ತಿಯನ್ನು ಕ್ಯಾಬಿನೆಟ್ಟಿನ ಹಿಂದೆ, ಖಾಲಿ ಸ್ಲಾಟಿನ ಹತ್ತಿರ ಒಂದು ಕ್ಷಣ ಹಿಡಿಯಿರಿ. ಹೊಗೆ ಹೊರಕ್ಕೆ ಸರಿದರೆ ಧೂಳು ಫಿಲ್ಟರಿನ ದಾರಿಯಲ್ಲಿಯೇ ಬರುತ್ತಿದೆ ಎಂದರ್ಥ. ಒಳಕ್ಕೆ ಎಳೆದುಕೊಂಡರೆ ಮುಂದಿನ ಫಿಲ್ಟರನ್ನು ತೊಳೆದು ಹಾಕಿ, ಆಗಲೂ ಎಳೆಯುತ್ತಿದ್ದರೆ ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್‌ನಲ್ಲಿ) ಹಿಂದಿನ ಫ್ಯಾನಿನ ವೇಗವನ್ನು ಒಂದು ಹಂತ ಇಳಿಸಿ, ಮತ್ತೆ ಊದಬತ್ತಿ ಹಿಡಿದು ನೋಡಬೇಕು.